ಎಡಗೈಗೆ ಹತ್ತು ತಿಂಗಳು: ಕಹೋನ್ ಕಲಿತವನ ಅನುಭವ

ಮರದ ಪೆಟ್ಟಿಗೆಯೊಂದರ ಮೇಲೆ ಕುಳಿತು ಅದರ ಮುಂಭಾಗವನ್ನು ಬರಿಗೈಯಿಂದ ಬಡಿಯುವುದನ್ನು ಕಲಿಯಲು ಹತ್ತು ತಿಂಗಳು ಬೇಕಾಗುತ್ತದೆ ಎಂದು ಕಳೆದ ಜನವರಿಯಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನವೆಂಬರ್ 1ರ ಸಂಜೆ ನಮ್ಮ ಬ್ಯಾಂಕಿನ ಸಿಬ್ಬಂದಿಯ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ನಾಲ್ಕು ಭಾವಗೀತೆಗಳಿಗೆ ಆ ಪೆಟ್ಟಿಗೆಯನ್ನು, ಅಂದರೆ ಕಹೋನ್ ಎಂಬ ತಾಳವಾದ್ಯವನ್ನು ನುಡಿಸಿ ವೇದಿಕೆಯಿಂದ ಇಳಿದೆ. ಈ ನಡುವೆ ಏನೇನಾಯಿತು, ಎಲ್ಲಿ ಹಣ ಹೋಯಿತು, ಎಲ್ಲಿ ಕೈ ನೋಯಿತು ಎಂಬುದೆಲ್ಲ ಇನ್ನೂ ಹಸಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನಂತೆ ನಲವತ್ತು ದಾಟಿದ ಮೇಲೆ, ಸಂಗೀತದ ಯಾವ ಹಿನ್ನೆಲೆಯೂ ಇಲ್ಲದೆ ಈ ವಾದ್ಯಕ್ಕೆ ಕೈಹಾಕುವವರಿಗೆ ಇದರಿಂದ ಕೆಲವು ವಾರಗಳಾದರೂ ಉಳಿಯಬಹುದು.

ಆರಂಭವಾದದ್ದು ಒಂದು ವರ್ಗಾವಣೆಯಿಂದ. ಮೈಸೂರಿನ ನಮ್ಮ ಶಾಖೆಯಲ್ಲಿ ಐದಾರು ಮಂದಿ ಸೇರಿ ಹಾಡುವ ಒಂದು ಪುಟ್ಟ ತಂಡವಿದೆ. ತಬಲಾ ನುಡಿಸುತ್ತಿದ್ದ ಸಹೋದ್ಯೋಗಿಗೆ ಡಿಸೆಂಬರಿನಲ್ಲಿ ಕಲಬುರಗಿಗೆ ವರ್ಗವಾಯಿತು. ಗಿಟಾರ್ ನುಡಿಸುವ ಗೆಳೆಯರು, ತಬಲಾ ಕಲಿಯಲು ವರ್ಷಗಳು ಬೇಕು, ಕಹೋನ್ ಆದರೆ ಎರಡು ತಿಂಗಳು ಸಾಕು ಎಂದು ನನ್ನನ್ನು ಒಪ್ಪಿಸಿದರು. ಮೇಜಿನ ಮೇಲೆ ತಾಳ ಹಾಕುವ ನನ್ನ ಅಭ್ಯಾಸವೊಂದೇ ಅವರು ಕಂಡಿದ್ದ ಅರ್ಹತೆ. ಅವರ ಎರಡು ತಿಂಗಳ ಲೆಕ್ಕ ಪೂರ್ತಿ ಸುಳ್ಳೇನಲ್ಲ. ಎರಡು ತಿಂಗಳಲ್ಲಿ ಸದ್ದು ಬರುತ್ತದೆ, ತಾಳ ನಿಲ್ಲುವುದಕ್ಕೆ ಮಾತ್ರ ಉಳಿದ ಎಂಟು ತಿಂಗಳು ಬೇಕಾಗುತ್ತದೆ.

ವಾದ್ಯ ಕೊಳ್ಳುವಾಗಲೇ ಮೊದಲ ತೊಡಕು ಎದುರಾಯಿತು. ಜನವರಿ ಎರಡನೆಯ ವಾರದಲ್ಲಿ 8,200 ರೂಪಾಯಿಯ ಕಹೋನ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಆರು ದಿನಗಳ ನಂತರ ಬಂದ ಪೆಟ್ಟಿಗೆಯನ್ನು ಬಿಚ್ಚಿದಾಗ ಕೆಳಗಿನ ಮೂಲೆ ಒಡೆದಿತ್ತು, ಮುಂಭಾಗದ ತೆಳು ಹಲಗೆ ಅಂಚಿನಲ್ಲಿ ಎದ್ದು ನಿಂತಿತ್ತು. ಬದಲಿಸಿಕೊಡಲು ಮಾರಾಟಗಾರರು ಬಿಲ್ಲು, ಕ್ರಮಸಂಖ್ಯೆಯ ಚೀಟಿಯ ಚಿತ್ರ ಮತ್ತು ಪೊಟ್ಟಣ ಬಿಚ್ಚುವಾಗಿನ ವಿಡಿಯೊ ಕೇಳಿದರು. ಮೊದಲೆರಡು ನನ್ನಲ್ಲಿದ್ದವು, ವಿಡಿಯೊ ಇರಲಿಲ್ಲ. ಪುಣ್ಯಕ್ಕೆ ಹೊರಗಿನ ರಟ್ಟಿನ ಡಬ್ಬವನ್ನು ಎಸೆದಿರಲಿಲ್ಲ. ಅದೇ ಮೂಲೆಯಲ್ಲಿ ರಟ್ಟೂ ಜಜ್ಜಿಹೋಗಿದ್ದುದನ್ನು ಚಿತ್ರ ತೆಗೆದು ಕಳುಹಿಸಿದ ಮೇಲೆ, ಹತ್ತೊಂಬತ್ತು ದಿನಗಳ ಓಡಾಟದ ನಂತರ ಬೇರೆ ವಾದ್ಯ ಬಂದಿತು. ಆದ್ದರಿಂದ ಆನ್‌ಲೈನಿನಲ್ಲಿ ತರಿಸುವವರು ಕತ್ತರಿ ಹಿಡಿಯುವ ಮೊದಲು ಮೊಬೈಲನ್ನು ಹಿಡಿಯಬೇಕು, ರಟ್ಟನ್ನು ಒಂದು ತಿಂಗಳಾದರೂ ಅಟ್ಟದ ಮೇಲೆ ಇಟ್ಟಿರಬೇಕು. ಅಂಗಡಿಗೆ ಹೋಗಿ ಕುಳಿತು, ನಾಲ್ಕು ಪೆಟ್ಟು ಹಾಕಿ ನೋಡಿ ಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ನಾನು ಹೋದ ಅಂಗಡಿಯಲ್ಲಿ ‘ಕಹೋನ್’ ಎಂದರೆ ತಿಳಿಯಲಿಲ್ಲ, ‘ಕಾಜಾನ್ ಬಾಕ್ಸ್’ ಎಂದ ಕೂಡಲೇ ಮೂರನ್ನು ತಂದು ಸಾಲಾಗಿ ಇಟ್ಟರು. ದುರದೃಷ್ಟವಶಾತ್ ನಾನು ಆ ಅಂಗಡಿಗೆ ಹೋದದ್ದು ವಾದ್ಯಕ್ಕೆ ಚೀಲ ಕೊಳ್ಳಲು.

ಫೆಬ್ರುವರಿ ನಡುವಿನಲ್ಲಿ ಪಾಠ ಶುರುವಾಯಿತು. ಕಲಿಸಿದವರು ಇಪ್ಪತ್ತನಾಲ್ಕು ವರ್ಷದ ಡ್ರಮ್ಸ್ ವಾದಕರು. ಅವರು ನನ್ನನ್ನು ‘ಸರ್’ ಎನ್ನುತ್ತಿದ್ದರು, ನಾನು ಅವರನ್ನು ‘ಮೇಷ್ಟ್ರೇ’ ಎನ್ನುತ್ತಿದ್ದೆ, ಕೊನೆಯವರೆಗೂ ಇಬ್ಬರಿಗೂ ಅದು ಒಗ್ಗಲಿಲ್ಲ. ಮೊದಲ ದಿನ ಅವರು ಕಲಿಸಿದ್ದು ಎರಡೇ ಸದ್ದು. ಹಲಗೆಯ ಮೇಲಂಚಿನಿಂದ ಸುಮಾರು ಒಂದು ಗೇಣು ಕೆಳಗೆ, ಇಡೀ ಅಂಗೈಯನ್ನು ಚಪ್ಪಟೆಯಾಗಿ ಬೀಳಿಸಿ, ಬಿಸಿ ಕಾವಲಿ ಮುಟ್ಟಿದಂತೆ ಕೂಡಲೇ ಹಿಂದಕ್ಕೆ ತೆಗೆದರೆ ಬರುವುದು ಬೇಸ್. ಕೈಯನ್ನು ಅಲ್ಲೇ ಒತ್ತಿ ಹಿಡಿದರೆ ಹಲಗೆ ಕಂಪಿಸುವುದಿಲ್ಲ, ‘ಧುಂ’ ಎನ್ನಬೇಕಾದದ್ದು ‘ಥಪ್’ ಎನ್ನುತ್ತದೆ. ಬೆರಳುಗಳನ್ನು ಸಡಿಲವಾಗಿ ಬಿಟ್ಟು ಮೇಲಿನ ಮೂಲೆಯ ಅಂಚಿಗೆ ಚಾಟಿಯಂತೆ ಬೀಸಿದರೆ ಬರುವುದು ಸ್ಲ್ಯಾಪ್. ಆಗ ಹೆಬ್ಬೆರಳು ಮೇಲಕ್ಕೆ, ಹಲಗೆಯಿಂದ ದೂರ ಇರಬೇಕು. ಇದನ್ನು ಅವರು ಮೂರು ಸಲ ಹೇಳಿದ್ದರು, ನಾಲ್ಕನೆಯ ಸಲ ನನ್ನ ಹೆಬ್ಬೆರಳಿನ ಮೂಳೆಯೇ ಹೇಳಿತು.

ಬೆರಳಲ್ಲಿದ್ದ ಮದುವೆಯ ಉಂಗುರವೂ ಸಮಸ್ಯೆಯಾಯಿತು. ಪ್ರತಿ ಪೆಟ್ಟಿಗೂ ಟಕ್ ಎಂಬ ಲೋಹದ ಸದ್ದು, ಹಲಗೆಯ ಮೇಲೆ ಸಣ್ಣ ಗೆರೆಗಳು. ಹದಿನಾರು ವರ್ಷ ಬೆರಳಲ್ಲೇ ಬೆಳೆದಿದ್ದ ಆ ಉಂಗುರ ಗೆಣ್ಣು ದಾಟಿ ಬರಲು ಒಪ್ಪಲಿಲ್ಲ. ಸೋಪು, ಕೊಬ್ಬರಿ ಎಣ್ಣೆ ಎರಡೂ ಸೋತ ಮೇಲೆ ಬೆರಳಿಗೆ ದಾರ ಬಿಗಿಯಾಗಿ ಸುತ್ತಿ, ಆ ದಾರವನ್ನು ಬಿಚ್ಚುತ್ತಾ ಹೋದಂತೆ ಉಂಗುರ ಹೊರಬಂದಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಒಂದೇ ಮಾತು ಹೇಳಿದರು: “ಅದನ್ನ ಎಲ್ಲಿಡ್ತೀರಿ ಅಂತ ಮೊದಲು ಹೇಳಿ.”

ಮುಂದಿನ ಆರು ವಾರ ನಾನು ನುಡಿಸಿದ್ದು ಬಲ, ಎಡ, ಬಲ, ಎಡ ಇಷ್ಟನ್ನೇ. ಸಮನಾಗಿ ಟಿಕ್ ಎನ್ನುತ್ತಾ ವೇಗ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತದಲ್ಲಿ, ಒಂದೊಂದು ಬಡಿತಕ್ಕೆ ನಾಲ್ಕು ಪೆಟ್ಟು. ಎರಡು ನಿಮಿಷ ತಪ್ಪಿಲ್ಲದೆ ನಡೆದರೆ ಮಾತ್ರ 4 ಅಂಕ ಏರಿಸಬೇಕು, ತಪ್ಪಿದರೆ 4 ಇಳಿಸಬೇಕು ಎಂಬುದು ಮೇಷ್ಟ್ರ ನಿಯಮ. ಮೂರನೆಯ ವಾರ ನಾನು 84ಕ್ಕೆ ಏರಿದ್ದೆ, ಒಳಗೊಳಗೇ ಹಿಗ್ಗಿದ್ದೆ. ಆಗ ಅವರು ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಸಿದರು. ಬಲಗೈಯ ಪೆಟ್ಟು ಗಟ್ಟಿ, ಎಡಗೈಯದು ಪೇಲವ. ಅಷ್ಟೇ ಅಲ್ಲದೆ ಎಡಗೈ ಪ್ರತಿ ಬಾರಿ ಕೂದಲೆಳೆಯಷ್ಟು ತಡವಾಗಿ ಬಂದು, ಒಟ್ಟಾರೆ ಕುಂಟುತ್ತಾ ಓಡುವವನ ಹೆಜ್ಜೆಯಂತೆ ಕೇಳುತ್ತಿತ್ತು. ನುಡಿಸುವಾಗ ಇದ್ಯಾವುದೂ ನನಗೆ ಕೇಳಿಸಿರಲಿಲ್ಲ. ಮೆಟ್ರೊನೋಮ್ ಮತ್ತೆ 56ಕ್ಕೆ ಇಳಿಯಿತು. ಧ್ವನಿಮುದ್ರಿಸುವಾಗ ಒಂದು ಎಚ್ಚರಿಕೆ: ಮೊಬೈಲನ್ನು ಪೆಟ್ಟಿಗೆಯ ಹಿಂದಿನ ರಂಧ್ರದ ಬಳಿ ಇಟ್ಟರೆ ಬೇಸ್ ಮಾತ್ರ ಮೊಳಗಿ ಎಲ್ಲ ತಪ್ಪುಗಳನ್ನೂ ಮುಚ್ಚಿಬಿಡುತ್ತದೆ. ಮುಂದೆ, ಎರಡು ಮೀಟರ್ ದೂರದಲ್ಲಿ ಇಟ್ಟರೆ ಸತ್ಯ ಹೊರಬೀಳುತ್ತದೆ.

ಏಪ್ರಿಲಿನಲ್ಲಿ ಜೋಡಿ ಪೆಟ್ಟುಗಳು ಬಂದವು, ಅಂದರೆ ಬಲ ಬಲ ಎಡ ಎಡ. ಅದರ ಬೆನ್ನಿಗೇ ಪ್ಯಾರಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇವೆಲ್ಲ ಮೂಲತಃ ಡ್ರಮ್ ಕೋಲಿನ ಪಾಠಗಳು. ಅಮೆರಿಕದ ಡ್ರಮ್ ವಾದಕರ ಸಂಘವೊಂದು 1933ರಲ್ಲಿ ಹದಿಮೂರು ಅಗತ್ಯ ಪಾಠಗಳ ಪಟ್ಟಿ ಮಾಡಿತ್ತು, ಇಂದು ಬಳಕೆಯಲ್ಲಿರುವ ಪಟ್ಟಿಯಲ್ಲಿ ನಲವತ್ತಿವೆ. ಕೋಲಿಲ್ಲದ ವಾದ್ಯಕ್ಕೆ ಕೋಲಿನ ಪಾಠವೇಕೆ ಎಂದು ನಾನು ಕೇಳಿಯೂಬಿಟ್ಟೆ. ಮೇಷ್ಟ್ರು ಉತ್ತರವನ್ನು ಹೇಳಲಿಲ್ಲ, ನನ್ನ ಕೈಯಿಂದಲೇ ಹೇಳಿಸಿದರು. ಸಾಮಾನ್ಯ ನಾಲ್ಕರ ನಡೆಯಲ್ಲಿ ಒಂದು ಮತ್ತು ಮೂರನೆಯ ಬಡಿತಕ್ಕೆ ಬೇಸ್, ಎರಡು ಮತ್ತು ನಾಲ್ಕಕ್ಕೆ ಸ್ಲ್ಯಾಪ್. ಪ್ರತಿ ಬಡಿತಕ್ಕೆ ನಾಲ್ಕು ಪೆಟ್ಟಿನಂತೆ ಬಲ ಎಡ ಬಲ ಎಡ ಎಂದು ನುಡಿಸಿದರೆ ಎಲ್ಲ ಮುಖ್ಯ ಬಡಿತಗಳೂ ಬಲಗೈಗೇ ಬೀಳುತ್ತವೆ. ಆ ಒಂದು ಕೈ ಹಲಗೆಯ ನಡುವಿನಿಂದ ಮೂಲೆಗೆ, ಮೂಲೆಯಿಂದ ನಡುವಿಗೆ ಓಡಾಡುತ್ತಲೇ ಇರಬೇಕು, ಎಡಗೈ ಸುಮ್ಮನೆ ನೋಡುತ್ತಿರುತ್ತದೆ. ನಿಧಾನದಲ್ಲಿ ಇದು ನಡೆಯುತ್ತದೆ, ವೇಗ ಏರಿದಂತೆ ಸ್ಲ್ಯಾಪ್ ತಡವಾಗುತ್ತದೆ. ಅದೇ ಜಾಗದಲ್ಲಿ ಪ್ಯಾರಡಿಡಲ್ ಹಾಕಿದರೆ ಮೊದಲ ಬಡಿತ ಬಲಗೈಗೆ, ಎರಡನೆಯದು ಎಡಗೈಗೆ, ಮೂರನೆಯದು ಮತ್ತೆ ಬಲಗೈಗೆ, ನಾಲ್ಕನೆಯದು ಎಡಗೈಗೆ ಬರುತ್ತದೆ. ಬೇಸ್ ಬಲಗೈಯ ಕೆಲಸ, ಸ್ಲ್ಯಾಪ್ ಎಡಗೈಯ ಕೆಲಸ. ಯಾವ ಕೈಯೂ ಅಲೆದಾಡಬೇಕಿಲ್ಲ. ಇದು ಅರ್ಥವಾದ ದಿನ ನನಗೆ ಬಹಳ ಸಂತೋಷವಾಯಿತು, ಆದರೆ ಅರ್ಥವಾದದ್ದು ತಲೆಗೆ ಮಾತ್ರ. ಎಡಗೈಗೆ ಅರ್ಥವಾಗಲು ಇನ್ನೂ ಎರಡು ತಿಂಗಳಿದ್ದವು.

ಬಾಯಿಂದ ಹೇಳಿಕೊಂಡು ನುಡಿಸುವುದು ಬಹಳ ಸಹಾಯ ಮಾಡುತ್ತದೆ, ಆದರೆ ‘ಬಲ’, ‘ಎಡ’ ಎಂದು ಪೂರ್ತಿ ಹೇಳುತ್ತಾ ಹೋದರೆ ಪ್ರತಿ ಪೆಟ್ಟಿಗೂ ಎರಡು ಅಕ್ಷರವಾಗಿ ನಾಲಿಗೆ ತೊಡರುತ್ತದೆ. ನಾನು ಡೈರಿಯಲ್ಲಿ ‘ಬ ಎ ಬ ಬ, ಎ ಬ ಎ ಎ’ ಎಂದು ಬರೆದುಕೊಂಡು ಹಾಗೆಯೇ ಹೇಳುತ್ತಿದ್ದೆ. ಬಸ್ಸಿನಲ್ಲಿ ತೊಡೆಯ ಮೇಲೆ ಬೆರಳಾಡಿಸುತ್ತಾ ಇದನ್ನು ಗೊಣಗುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಯಾವ ಮಂತ್ರ ಎಂದು ವಿಚಾರಿಸಿದರು.

ಮೇ ತಿಂಗಳಲ್ಲಿ ಅಪಾರ್ಟ್‌ಮೆಂಟಿನಿಂದ ದೂರು ಬಂದಿತು. ಕೆಳಗಿನ ಮನೆಯವರಿಗೆ ಕೇಳಿಸುತ್ತಿದ್ದದ್ದು ಸ್ಲ್ಯಾಪ್ ಅಲ್ಲ, ಬೇಸ್. ಅದು ಪೆಟ್ಟಿಗೆಯ ಕಾಲಿನಿಂದ ನೆಲಕ್ಕಿಳಿದು ಅವರ ಚಾವಣಿಯಲ್ಲಿ ಗುದ್ದುತ್ತಿತ್ತು. ಸಂಘದ ಕಾರ್ಯದರ್ಶಿಗಳ ಸೂಚನೆಯಂತೆ, ಸಂಜೆ ಆರೂವರೆಯಿಂದ ಏಳೂಕಾಲರವರೆಗೆ ಮಾತ್ರ ಅಭ್ಯಾಸ ಮಾಡುತ್ತೇನೆ, ಪರೀಕ್ಷೆಗಳ ಸಮಯದಲ್ಲಿ ನಿಲ್ಲಿಸುತ್ತೇನೆ ಎಂದು ಪತ್ರ ಬರೆದು ಸಹಿ ಮಾಡಿ ಕೊಟ್ಟೆ. ಸಾಲದ ಅರ್ಜಿಗಳ ಮೇಲೆ ದಿನವಿಡೀ ಇತರರ ಸಹಿ ಹಾಕಿಸುವವನು ತಬ್ಬಿಬ್ಬಾಗಿ ಸಹಿ ಹಾಕಿದ ಅಪರೂಪದ ಪತ್ರ ಅದು. 900 ರೂಪಾಯಿಯ ದಪ್ಪ ರತ್ನಗಂಬಳಿಯ ತುಂಡೊಂದನ್ನು ಎರಡಾಗಿ ಮಡಚಿ ಪೆಟ್ಟಿಗೆಯ ಕೆಳಗೆ ಹಾಸಿದ ಮೇಲೆ ಗುದ್ದು ಬಹುಮಟ್ಟಿಗೆ ನಿಂತಿತು. ದೂರು ಬರುವ ಮೊದಲೇ ಇಷ್ಟು ಮಾಡಿಕೊಳ್ಳುವುದು ಒಳ್ಳೆಯದು.

ಜೂನ್ ಎರಡನೆಯ ವಾರ ಎಡ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಂಡಿತು. ಕೆಲವು ದಿನಗಳಲ್ಲಿ ಬೆಳಿಗ್ಗೆ ಕಾಫಿ ಲೋಟ ಎತ್ತುವುದೂ ಕಷ್ಟವಾಯಿತು. ತಪ್ಪು ಪೂರ್ತಿಯಾಗಿ ನನ್ನದೇ. ಎಡಗೈಯ ಸದ್ದು ಪೇಲವ ಎಂಬ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು, ಮಣಿಕಟ್ಟನ್ನು ಬಿಗಿಹಿಡಿದು ಬಲವಂತವಾಗಿ ಬಡಿಯುತ್ತಿದ್ದೆ. ಅದೂ ಸಾಲದೆಂಬಂತೆ ಬೇಸ್‌ಗಾಗಿ ಮುಂದಕ್ಕೆ ಬಾಗಿ ಹಲಗೆಯ ನಟ್ಟನಡುವಿಗೆ ಕೈ ಚಾಚುತ್ತಿದ್ದೆ, ಸೊಂಟವೂ ಹಿಡಿದುಕೊಂಡಿತ್ತು. ವೈದ್ಯರು ಮೂರು ವಾರ ವಾದ್ಯ ಮುಟ್ಟಬಾರದೆಂದರು, ನಂತರ ಫಿಸಿಯೋಥೆರಪಿಗೆ ಐದು ಸಲ ಹೋಗಬೇಕಾಯಿತು. ನೇರವಾಗಿ ಕುಳಿತು, ಪೆಟ್ಟಿಗೆಯನ್ನು ತುಸುವೇ ಹಿಂದಕ್ಕೆ ವಾಲಿಸಿದಾಗ ಕೈ ಸಹಜವಾಗಿ ಎಲ್ಲಿ ಬೀಳುತ್ತದೆಯೋ ಅಲ್ಲೇ ಬೇಸ್ ಸಾಕಷ್ಟು ಇದೆ, ಅದಕ್ಕಿಂತ ಕೆಳಗೆ ಹೋಗುವ ಅಗತ್ಯವೇ ಇಲ್ಲ. ಈ ಮಾತು ಯಾರೂ ಹೇಳದೆ ಉಳಿದಿತ್ತೆಂದಲ್ಲ, ಮೇಷ್ಟ್ರು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಮೂರು ವಾರ ಬರೀ ಕೇಳುವುದರಲ್ಲಿ, ಓದುವುದರಲ್ಲಿ ಕಳೆದೆ. ಕಹೋನ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದೊಡ್ಡ ಪೆಟ್ಟಿಗೆ. ಪೆರು ದೇಶದ ಕರಾವಳಿಗೆ ಗುಲಾಮರಾಗಿ ಬಂದ ಆಫ್ರಿಕನ್ನರು ಸರಕಿನ ಪೆಟ್ಟಿಗೆಗಳನ್ನೇ ವಾದ್ಯವಾಗಿಸಿಕೊಂಡದ್ದರಿಂದ ಇದು ಹುಟ್ಟಿತು. 2001ರಲ್ಲಿ ಪೆರು ಇದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. 1970ರ ದಶಕದ ಕೊನೆಯಲ್ಲಿ ಸ್ಪೇನಿನ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅವರು ಲಿಮಾ ನಗರದಲ್ಲಿ ಪೆರುವಿನ ವಾದಕ ಕೈತ್ರೊ ಸೊತೊ ಅವರ ಕೈಯಲ್ಲಿ ಇದನ್ನು ಕೇಳಿ ಒಂದನ್ನು ತಮ್ಮೊಡನೆ ಒಯ್ದರು, ಅವರ ತಂಡದ ಬ್ರೆಜಿಲ್ ಮೂಲದ ತಾಳವಾದ್ಯಗಾರ ರೂಬೆಮ್ ದಾಂತಸ್ ಅದನ್ನು ಸ್ಪೇನಿನ ಫ್ಲಮೆಂಕೊ ಸಂಗೀತದೊಳಕ್ಕೆ ತಂದರು. ಹಲಗೆಯ ಹಿಂಬದಿಗೆ ತಂತಿ ಕಟ್ಟಿ ಜುಯ್ಯೆನ್ನುವ ಸದ್ದು ಸೇರಿಸಿದ್ದು ಸ್ಪೇನಿನವರು; ಪೆರುವಿನ ಮೂಲ ಪೆಟ್ಟಿಗೆಯಲ್ಲಿ ತಂತಿಯೇ ಇಲ್ಲ. ನಾಲ್ಕು ತಿಂಗಳಿನಿಂದ ನನ್ನ ವಾದ್ಯದ ಜುಯ್ಯೆನ್ನುವಿಕೆ ವಿಪರೀತವಾಗಿದೆ, ಮತ್ತೆ ಕೆಟ್ಟ ಮಾಲು ಬಂದಿದೆ ಎಂದು ಒಳಗೇ ಕುದಿಯುತ್ತಿದ್ದವನಿಗೆ ಇದನ್ನು ತಿಳಿದು ಸಮಾಧಾನವಾಯಿತು. ತಂತಿಗಳ ಮೇಲೆ ಬಟ್ಟೆಯ ಟೇಪಿನ ಎರಡು ತುಂಡು ಅಂಟಿಸಿದೆ, ಅಷ್ಟಕ್ಕೇ ಸರಿಹೋಯಿತು. ಪೆರುವಿನ ಫೆಸ್ತೆಹೊ ಎಂಬ ನೃತ್ಯದ ನಡೆ ಆರರ ಗುಂಪಿನಲ್ಲಿ ಸಾಗುತ್ತದೆ ಎಂಬುದೂ ಆಗ ತಿಳಿಯಿತು. ನಮ್ಮ ಸುಗಮ ಸಂಗೀತದ ದಾದ್ರಾ ತಾಳ ಆರು ಮಾತ್ರೆಯದು, ಅಂದರೆ ಆರು ಎಣಿಕೆಯದು. ಎರಡರ ತೂಗಾಟ ಬೇರೆ ಬೇರೆಯೇ ಆದರೂ ಪೆಟ್ಟಿಗೆಗೆ ಆರು ಹೊಸದಲ್ಲ ಎಂಬ ಧೈರ್ಯ ಬಂದಿತು.

ಜುಲೈನಲ್ಲಿ ಮತ್ತೆ ಕುಳಿತಾಗ ಮೇಷ್ಟ್ರು ಪೆಟ್ಟಿಗೆಯನ್ನು ಮುಟ್ಟಗೊಡಲಿಲ್ಲ. ಹದಿನೈದು ದಿನ ತೊಡೆಯ ಮೇಲಷ್ಟೇ ಅಭ್ಯಾಸ, ಅದೂ ಎತ್ತರದ ಅಭ್ಯಾಸ. ಗಟ್ಟಿಯಾದ ಪೆಟ್ಟು ಬೇಕಿದ್ದರೆ ಕೈ ಒಂದು ಗೇಣು ಮೇಲೆದ್ದು ಬೀಳಬೇಕು, ನಡುವಣ ಮೆಲುಪೆಟ್ಟುಗಳಿಗೆ ಬೆರಳತುದಿ ಎರಡು ಬೆರಳಿನಗಲಕ್ಕಿಂತ ಹೆಚ್ಚು ಏಳಬಾರದು. “ಸರ್, ಜೋರಾಗಿ ಹೊಡೀಬೇಡಿ, ಮೇಲಿಂದ ಬೀಳಿಸಿ ಅಷ್ಟೇ” ಎಂದರು. ಸದ್ದಿನ ಹೆಚ್ಚುಕಡಿಮೆ ಎತ್ತರದಿಂದ ಬರಬೇಕೇ ಹೊರತು ಬಲದಿಂದಲ್ಲ ಎಂಬುದನ್ನು ನನ್ನ ಎಡಗೈ ಕಲಿತದ್ದು ಆಗಲೇ. ಘೋಸ್ಟ್ ನೋಟ್ ಎಂದು ಕರೆಯುವ ಆ ಮೆಲುಪೆಟ್ಟುಗಳು ಕೇಳುಗನಿಗೆ ಕೇಳಿಸಿದರೂ ಕೇಳಿಸದಂತಿರುತ್ತವೆ, ಆದರೆ ಅವಿಲ್ಲದಿದ್ದರೆ ಬೇಸ್ ಮತ್ತು ಸ್ಲ್ಯಾಪ್ ನಡುವೆ ಹಳ್ಳ ಬೀಳುತ್ತದೆ. ತೊಡೆಯ ಬದಲು ದಿಂಬಿನ ಮೇಲೆ ಮಾಡುವವರಿದ್ದಾರೆ. ದಿಂಬು ಕೈಯನ್ನು ಹಿಂದಕ್ಕೆ ಚಿಮ್ಮಿಸದ ಕಾರಣ ಮಣಿಕಟ್ಟು ಬೇಗ ಸೋಲುತ್ತದೆ, ನೋವಿದ್ದವರು ಅದರಿಂದ ದೂರವಿರುವುದು ಲೇಸು.

ಆಗಸ್ಟಿನಿಂದ ಹಾಡುಗಳು. ಎರಡು ಹಾಡುಗಳು ಎಂಟು ಮಾತ್ರೆಯ ಕೆಹರ್ವಾ ತಾಳದಲ್ಲಿದ್ದವು. ತಬಲಾದ ‘ಧಾ ಗೆ ನ ತಿ, ನ ಕ ಧಿ ನ’ ಎಂಬ ಠೇಕಾದಲ್ಲಿ, ಅಂದರೆ ಆ ತಾಳದ ಮೂಲ ಪೆಟ್ಟುಗಳ ಸಾಲಿನಲ್ಲಿ, ಧಾ, ಗೆ, ಧಿ ಬರುವಲ್ಲಿ ತಬಲಾ ಜೋಡಿಯ ದಪ್ಪ ಸದ್ದಿನ ಡಗ್ಗಾ ಮೊಳಗುತ್ತದೆ. ಆ ಮೂರು ಜಾಗಗಳಲ್ಲಿ ಬೇಸ್, ಐದನೆಯ ಮಾತ್ರೆಯಲ್ಲಿ ಸ್ಲ್ಯಾಪ್ ಎಂದು ಗೊತ್ತುಮಾಡಿಕೊಂಡೆವು. ಹೊಸದಾಗಿ ಕಲಿತ ಪ್ಯಾರಡಿಡಲ್ ಅನ್ನು ಇಲ್ಲಿಯೂ ತುರುಕಲು ಹೋಗಿ ನಾನು ಎರಡು ವಾರ ಕಳೆದುಕೊಂಡೆ. ಹಾಗೆ ಮಾಡಿದರೆ ಎರಡು, ಐದು, ಏಳು ಮೂರೂ ಎಡಗೈಗೆ ಬೀಳುತ್ತವೆ, ಅದರ ಮೇಲೆ ಏಳರ ಬೇಸ್ ಮುಗಿಸಿದ ಅದೇ ಕೈ ತಕ್ಷಣ ಎಂಟರ ಮೆಲುಪೆಟ್ಟನ್ನೂ ಹಾಕಬೇಕು. ಸಾಧಾರಣ ಬಲ ಎಡ ಬಲ ಎಡದಲ್ಲಿ ಒಂದು, ಐದು, ಏಳು ಬಲಗೈಗೆ, ಎರಡು ಮಾತ್ರ ಎಡಗೈಗೆ. ಸರಳವಾದದ್ದೇ ಸರಿಯಿತ್ತು. ದಾದ್ರಾ ಹಾಡಿಗೆ ಎರಡು ದಾರಿಗಳನ್ನು ಪ್ರಯೋಗಿಸಿದೆವು. ಬಲ ಎಡ ಬಲ, ಎಡ ಬಲ ಎಡ ಎಂದರೆ ಒಂದನೆಯ ಮಾತ್ರೆ ಬಲಗೈಗೆ, ನಾಲ್ಕನೆಯದು ಎಡಗೈಗೆ ಬಂದು ಹಾಡು ಉಯ್ಯಾಲೆಯಂತೆ ತೂಗುತ್ತದೆ. ಬಲ ಎಡ ಬಲ, ಬಲ ಎಡ ಎಡ ಎಂದರೆ ಎರಡೂ ಒತ್ತು ಬಲಗೈಗೇ ಬೀಳುತ್ತದೆ. ದೃಢವಾಗಿರುತ್ತದೆ, ಆದರೆ ತೂಗುವುದಿಲ್ಲ. ಗಾಯಕಿ ಕಣ್ಣುಮುಚ್ಚಿ ಎರಡನ್ನೂ ಕೇಳಿ ಮೊದಲನೆಯದನ್ನು ಆರಿಸಿದರು. ಪ್ಯಾರಡಿಡಲ್‌ಗೆ ಕೊನೆಗೂ ಜಾಗ ಸಿಕ್ಕಿದ್ದು ಗಿಟಾರಿನ ಜೊತೆ ವೇಗವಾಗಿ ಸಾಗುವ ನಾಲ್ಕನೆಯ ಹಾಡಿನಲ್ಲಿ, 92ರ ವೇಗದಲ್ಲಿ.

ಲೆಕ್ಕ ಕೇಳುವವರಿಗಾಗಿ: ವಾದ್ಯ 8,200, ಚೀಲ 1,100, ತಲಾ 500ರಂತೆ ಹದಿನಾರು ಪಾಠಕ್ಕೆ 8,000, ವೈದ್ಯರಿಗೆ 600, ಫಿಸಿಯೋಥೆರಪಿಗೆ 2,000, ರತ್ನಗಂಬಳಿಗೆ 900, ಒಟ್ಟು 20,800 ರೂಪಾಯಿ. ಇದರಲ್ಲಿ 2,600 ನನ್ನ ಹಟಕ್ಕೆ ತೆತ್ತ ದಂಡ.

ಕಾರ್ಯಕ್ರಮದ ದಿನ ನಾಲ್ಕು ಗಂಟೆಗೆ ಧ್ವನಿ ಪರೀಕ್ಷೆ ಎಂದಿದ್ದರು, ಭಾಷಣಗಳ ಪೂರ್ವತಯಾರಿಯಲ್ಲಿ ಅದು ಐದೂಮುಕ್ಕಾಲಕ್ಕೆ ಹೋಗಿ, ನಮಗೆ ಉಳಿದದ್ದು ಏಳು ನಿಮಿಷ. ಧ್ವನಿವರ್ಧಕದವರು ಮೈಕನ್ನು ಹಿಂದಿನ ರಂಧ್ರದೊಳಕ್ಕೇ ತೂರಿಸಿದರು. ಮೊದಲ ಬೇಸ್‌ಗೆ ಇಡೀ ಸಭಾಂಗಣ ಗುಂಯ್ ಎಂದಿತು. ಮೈಕನ್ನು ರಂಧ್ರದಿಂದ ಒಂದು ಗೇಣು ಹಿಂದಕ್ಕೆ, ತುಸು ಓರೆಯಾಗಿ ಇರಿಸಿ, ಸ್ಲ್ಯಾಪ್‌ಗಾಗಿ ಮುಂದೆ ಇನ್ನೊಂದು ಮೈಕ್ ಕೇಳಬೇಕು. ನಾನು ಕೇಳಿದೆ, ಒಂದೇ ಇತ್ತು. ಅದನ್ನು ಮುಂದಕ್ಕೆ ತಂದು ಕೆಳಗಿಳಿಸಿ ಇಡಿಸಿಕೊಂಡೆ. ವೇದಿಕೆಯ ನೆಲ ನುಣುಪಾಗಿದ್ದರಿಂದ ಮೊದಲ ಹಾಡಿನ ನಡುವೆಯೇ ಪೆಟ್ಟಿಗೆ ನನ್ನನ್ನು ಹೊತ್ತು ಹಿಂದಕ್ಕೆ ಸರಿಯತೊಡಗಿತು. ರತ್ನಗಂಬಳಿಯ ತುಂಡು ಮನೆಯಲ್ಲೇ ಉಳಿದಿತ್ತು. ಎರಡನೆಯ ಹಾಡಿಗೆ ಮೊದಲು ಯಾರೋ ಕಾಲೊರಸುವ ರಬ್ಬರ್ ಚಾಪೆಯೊಂದನ್ನು ತಂದು ಕೆಳಗೆ ತಳ್ಳಿದರು. ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ನಾಲ್ಕನೆಯ ಹಾಡನ್ನು ಹೇಳಿದ್ದಕ್ಕಿಂತ ವೇಗವಾಗಿಯೇ ಎತ್ತಿಕೊಂಡೆ. ಬಲಗೈ ತಡವರಿಸಿತು, ಎರಡು ಕಡೆ ಬೇಸ್ ಬೀಳಲೇ ಇಲ್ಲ. ಎಡಗೈಯ ಸ್ಲ್ಯಾಪ್ ಒಂದೂ ತಪ್ಪಲಿಲ್ಲ. ಮರುದಿನ ಧ್ವನಿಮುದ್ರಿಕೆ ಕೇಳಿದ ಮೇಷ್ಟ್ರು, “ಈಗ ಬಲಗೈಗೆ ಪಾಠ ಶುರು ಮಾಡೋಣ ಸರ್” ಎಂದರು.

ಸದ್ಯಕ್ಕೆ ಏಳು ಎಣಿಕೆಯ ಮಿಶ್ರಛಾಪು ತಾಳ ಹಿಡಿದಿದ್ದೇನೆ. ‘ತಕಿಟ ತಕದಿಮಿ’ ಎಂಬ ಏಳನ್ನು ಬಲ ಎಡ ಎಂದು ಸಾಲಾಗಿ ನುಡಿಸಿದರೆ ತಾಳದ ಮೊದಲ ಸುತ್ತು, ಅಂದರೆ ಆವರ್ತ, ಬಲಗೈಯಲ್ಲಿ, ಎರಡನೆಯದು ಎಡಗೈಯಲ್ಲಿ ಆರಂಭವಾಗಿ ಬೇಸ್ ಎಲ್ಲೆಂದೇ ತಿಳಿಯದಾಗುತ್ತದೆ. ತಕಿಟವನ್ನು ಬಲ ಎಡ ಎಡ ಎಂದು, ತಕದಿಮಿಯನ್ನು ಬಲ ಎಡ ಬಲ ಎಡ ಎಂದು ಮಾಡಿಕೊಂಡರೆ ಪ್ರತಿ ಆವರ್ತವೂ ಬಲಗೈಯಲ್ಲೇ ಹುಟ್ಟುತ್ತದೆ. ಡೈರಿಯಲ್ಲಿ ನಿನ್ನೆಯ ಅಂಕ 66. ಉಂಗುರ ಚೀಲದ ಒಳಜೇಬಿನಲ್ಲಿದೆ, ಏಳೂಕಾಲಕ್ಕೆ ಬೆರಳಿಗೆ ಮರಳುತ್ತದೆ. ಈಗ ಅದಕ್ಕೆ ದಾರವೂ ಬೇಕಿಲ್ಲ, ಎಣ್ಣೆಯೂ ಬೇಕಿಲ್ಲ.